ಮೆಮೊರಿ ಖಾಲಿ ಮಾಡಿಕೊಟ್ಟವರು

ಯಾರ ಮನೆಗೆ ಬಂದರೂ ಚಪ್ಪಲಿ ಬಿಡುವ ಮೊದಲೇ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಮಶೀನ್ ಎಲ್ಲೈತಿ?"

ಲಿಫ್ಟ್ ಕೆಟ್ಟಿದೆಯಲ್ಲ, ಹೇಗೆ ಹತ್ತಿ ಬಂದಿರಿ, ನೀರು ಕೊಡಲೇ ಎಂದು ನೀವು ಉಪಚಾರ ಶುರು ಮಾಡುವಷ್ಟರಲ್ಲಿ ಅವರು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಾಗಿರುತ್ತಿತ್ತು. ಮೂರು ಕೀ ಒಟ್ಟಿಗೆ ಒತ್ತಿ, ಒಳಗೆ ಏನೇನು ಓಡುತ್ತಿದೆ, ಯಾವುದು ಎಷ್ಟು ಮೆಮೊರಿ ಹಿಡಿದುಕೊಂಡಿದೆ ಎಂದು ತೋರಿಸುವ ಕಿಟಕಿಯನ್ನು ತೆರೆಯುತ್ತಿದ್ದರು. ಆಮೇಲೆ ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಲೊಚಲೊಚ ಎಂದು ಬಾಯಲ್ಲಿ ಸದ್ದು ಮಾಡುತ್ತಿದ್ದರು.

"ಏನ್ರೀ ಇದು! ಮೂರು ಮಂದಿ ಕೂಡೋ ಸೀಟ್‌ನ್ಯಾಗ ಎಷ್ಟ್ ಮಂದಿ ತುಂಬೀರಿ? ಕುರ್ಲಾ ಸ್ಟೇಷನ್ ಆಗೈತಲ್ರೀ ನಿಮ್ಮ ಕಂಪ್ಯೂಟರು!"

ಹಾಗೆಂದು ಒಂದೊಂದನ್ನೇ ಆರಿಸಿ ಮುಚ್ಚುತ್ತಿದ್ದರು. ಪ್ರತಿ ಸಲ ಮೌಸ್ ಒತ್ತುವಾಗಲೂ ಬಾಯಲ್ಲಿ, "ಇಳಿ ಮಗನ. ನೀನೂ ಇಳಿ. ನೀ ಯಾವಾಂವೋ, ಟಿಕೆಟ್ ಐತೇನು? ಇಳಿ."

ಸುತ್ತ ನಿಂತವರು ನಗುತ್ತಿದ್ದರು. ನಮ್ಮಮ್ಮ ಗೋಳಿಬಜೆಯ ತಟ್ಟೆ ಹಿಡಿದುಕೊಂಡು ನಿಂತು ನಗುತ್ತಿದ್ದಳು. ಕೊನೆಗೆ ಅವರು ಕುರ್ಚಿಗೆ ಒರಗಿ, ಎರಡೂ ಕೈ ಮೇಲೆತ್ತಿ, "ಈಗ ನೋಡ್ರಿ, ಹಗೂರ ಆತು!" ಎನ್ನುತ್ತಿದ್ದರು. ಹಗೂರ ಎಂಬುದು ಅವರಿಗೆ ಬಹಳ ಪ್ರೀತಿಯ ಮಾತು. ಹೊಟ್ಟೆ ಹಗೂರ ಇರಬೇಕು, ಮನಸ್ಸು ಹಗೂರ ಇರಬೇಕು, ಮಶೀನ್ ಹಗೂರ ಇರಬೇಕು. ತಲೆಯನ್ನೂ ಅವರು ಹಾಗೆಯೇ ಇಟ್ಟುಕೊಂಡಿದ್ದರು.

ಅವರು ತೀರಿಕೊಂಡು ಕೆಲವು ತಿಂಗಳಾದವು. ತೀರಿಕೊಂಡವರ ಬಗ್ಗೆ ಕೈ ತಡೆದು ಬರೆಯಬೇಕೆಂಬ ಸಂಪ್ರದಾಯ ನನಗೆ ಗೊತ್ತು. ಹೆಸರು ಬರೆಯುವುದಿಲ್ಲ; ಅಷ್ಟನ್ನು ಪಾಲಿಸುತ್ತೇನೆ. ಈ ಬಹುವಚನವೂ ಅಭ್ಯಾಸದಿಂದ ಬಂದದ್ದು, ಗೌರವದಿಂದಲ್ಲ.

ಅವರು ವಿಜಯಪುರದ ಕಡೆಯವರು. ಮುಂಬಯಿಯ ಪರೇಲಿನ ಒಂದು ಕಂಪನಿಯ ಆಡಳಿತ ವಿಭಾಗದಲ್ಲಿದ್ದು ನಿವೃತ್ತರಾದವರು. ಆಫೀಸಿಗೆ ಕಂಪ್ಯೂಟರು ಬಂದ ಹೊಸದರಲ್ಲಿ ಕಂಪನಿ ಅವರನ್ನು ಯಾವುದೋ ತರಬೇತಿಗೆ ಕಳಿಸಿತ್ತಂತೆ. ಆ ತರಬೇತಿಯನ್ನು ಅವರು ಜೀವಮಾನವಿಡೀ ಉಂಡರು. ಮಾಟುಂಗದಲ್ಲಿ ಮನೆ. ನಮ್ಮ ಕನ್ನಡ ಸಂಘದ ಎಲ್ಲ ಸಮಿತಿಗಳಲ್ಲೂ ಇದ್ದರು. ಸಂಘದ ಎಲ್ಲರಿಗೂ ಅವರು 'ಕಾಕಾ'. ನಾವು ಉಡುಪಿ ಕಡೆಯವರಿಗೆ ಅಪ್ಪನ ತಮ್ಮ ಚಿಕ್ಕಪ್ಪ; ಕಾಕಾ ಎನ್ನುವ ರೂಢಿಯಿಲ್ಲ. ಆದರೂ ನಾವೂ ಕಾಕಾ ಎಂದೆವು. ಊರು ಬಿಟ್ಟು ಬಂದವರಿಗೆ ಇಂಥ ಸಂಬಂಧಗಳು ಬೇಗ ಅಂಟಿಕೊಳ್ಳುತ್ತವೆ.

ನ್ಯಾಯವಾಗಿ ಹೇಳಬೇಕಾದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮಂಡಿನೋವಿದ್ದರೂ ಲೋಕಲ್‌ನಲ್ಲಿ ನಿಂತುಕೊಂಡೇ ಬರುತ್ತಿದ್ದರು. ಕರೆದಾಗ ಇಲ್ಲವೆಂದವರಲ್ಲ. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಬೇರೆ. ಕೆಲಸ ಮುಗಿದ ಮೇಲೆ ಮನೆಯವರೆಲ್ಲ ಪರದೆಯ ಸುತ್ತ ನಿಂತು, "ಕಾಕಾ, ನೀವಿಲ್ಲದಿದ್ದರೆ ನಾವೇನು ಮಾಡುತ್ತಿದ್ದೆವು!" ಎನ್ನಬೇಕು. ಅನ್ನದೇ ಇದ್ದರೆ ಅವರು ಏಳುತ್ತಿರಲಿಲ್ಲ. ಇನ್ನೊಂದು ಬಜೆ ತಿನ್ನುತ್ತಿದ್ದರು. ಅನ್ನುವ ತನಕ ತಿನ್ನುತ್ತಿದ್ದರು.

ನಾನು ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಕಂಪ್ಯೂಟರ್ ನನ್ನ ವಿಷಯವಲ್ಲ, ಆದರೆ ಓದಿ ತಿಳಿಯಬಹುದಾದದ್ದನ್ನು ಓದಿಕೊಂಡಿದ್ದೆ. ಒಮ್ಮೆ ಅವರಿಗೆ ಹೇಳಿದೆ: ಮೆಮೊರಿ ಖಾಲಿ ಇದ್ದರೆ ಲಾಭವೇನೂ ಇಲ್ಲ ಕಾಕಾ, ಅದು ಅಡುಗೆಕಟ್ಟೆಯ ಹಾಗೆ. ಅಡುಗೆ ಮಾಡುವಾಗ ಸಾಸಿವೆ, ಹಿಂಗು, ಎಣ್ಣೆ ಎಲ್ಲ ಕೈಗೆ ಸಿಗುವ ಹಾಗೆ ಕಟ್ಟೆಯ ಮೇಲಿರುತ್ತವೆ. ಜಾಗ ಬೇಕಾದರೆ ಒಂದನ್ನು ಒಳಗಿಡುತ್ತೇವೆ. ಕಂಪ್ಯೂಟರೂ ತಾನಾಗಿಯೇ ಹಾಗೆ ಮಾಡಿಕೊಳ್ಳುತ್ತದೆ. ನೀವು ಬಂದು ಎಲ್ಲ ಡಬ್ಬಿಗಳನ್ನೂ ಅಟ್ಟಕ್ಕೆ ಹಾಕಿ, ಕಟ್ಟೆ ಚೊಕ್ಕಟವಾಯಿತು ಎನ್ನುತ್ತೀರಿ. ಆಮೇಲೆ ಒಗ್ಗರಣೆಗೆ ಅಟ್ಟ ಹತ್ತಬೇಕಾದವರು ನಾವು.

ಅವರು ಅಮ್ಮನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ನೋಡ್ರಿ, ನಮ್ಮ ಬಾಯಾರು ಕಂಪ್ಯೂಟರ್‌ನ್ಯಾಗೂ ಒಗ್ಗರಣಿ ಹಾಕ್ತಾರ."

ಅವರ ಕಡೆ ಶಾಲೆಯ ಅಧ್ಯಾಪಕಿಗೆ ಬಾಯಾರು ಎನ್ನುತ್ತಾರೆ. ಅವರ ಬಾಯಲ್ಲಿ ಅದು ಬಿರುದಲ್ಲ, ಕೊಂಕು. ಅಮ್ಮ ನಕ್ಕಳು. ಹೆಂಗಸರು ಅಂಕಿಯ ವಿಷಯ ಮಾತಾಡಿದರೆ ಅವರು ಹೀಗೆಯೇ ಅಡುಗೆಮನೆಗೆ ಕಳಿಸುತ್ತಿದ್ದರು. ಅಡುಗೆಮನೆಯ ಉದಾಹರಣೆ ಕೊಟ್ಟು ಆ ಕೆಲಸವನ್ನು ನಾನೇ ಸುಲಭ ಮಾಡಿದ್ದೆ.

ಅವರಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಇದ್ದದ್ದು ಕಂಪ್ಯೂಟರಿನ ರಕ್ಷಣೆಯ ತಂತ್ರಾಂಶದ ಮೇಲೆ. ಗೂಢಚಾರಿಕೆ ಮಾಡುವ ಕಳ್ಳ ತಂತ್ರಾಂಶಗಳು ಒಳಗೆ ನುಗ್ಗದ ಹಾಗೆ ಸದಾ ನೋಡುತ್ತಿರುವಂಥದ್ದು ಅದು. ಸದಾ ಎಚ್ಚರವಿರಬೇಕಾದ್ದರಿಂದ ಸ್ವಲ್ಪ ಮೆಮೊರಿ ಹಿಡಿದುಕೊಂಡಿರುತ್ತದೆ. ಗೇಟಿನ ವಾಚ್‌ಮನ್‌ಗೂ ಕೂರಲು ಒಂದು ಸ್ಟೂಲು ಬೇಕಲ್ಲ. ಕಾಕಾಗೆ ಆ ಸ್ಟೂಲಿನ ಮೇಲೆ ಕಣ್ಣು.

"ಇದು ಕುಂತು ತಿನ್ನೋ ಅಳಿಯ ರೀ. ಕೆಲಸ ಇಲ್ಲ, ಬೊಗಸಿ ಇಲ್ಲ, ಊಟ ಮಾತ್ರ ಮೊದಲ ಪಂಕ್ತಿಗೆ."

ಅಳಿಯನನ್ನು ನೇರವಾಗಿ ಹೊರಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಎದ್ದು ಬಂದು ಕೂರುತ್ತಾನೆ ಎಂದು ಅವರಿಗೆ ಅನುಭವದಿಂದ ತಿಳಿದಿತ್ತು. ಹಾಗಾಗಿ ಇನ್ನೊಂದು ಉಪಾಯ ಕಂಡುಕೊಂಡಿದ್ದರು. ಸೆಟ್ಟಿಂಗ್ಸ್‌ನಲ್ಲಿ 'ಇವುಗಳನ್ನು ತಪಾಸಣೆ ಮಾಡಬೇಡ' ಎಂದು ವಿನಾಯಿತಿ ಕೊಡುವ ಜಾಗವೊಂದಿದೆ. ಯಾವುದೋ ಒಂದು ಕಡತಕ್ಕೋ ಫೋಲ್ಡರಿಗೋ ಕೊಡಲೆಂದು ಇರುವ ವಿನಾಯಿತಿ. ಅವರು ಇಡೀ ಡಿಸ್ಕಿಗೇ ಅದನ್ನು ಕೊಟ್ಟುಬಿಡುತ್ತಿದ್ದರು. ಅಂದರೆ ವಾಚ್‌ಮನ್ ಗೇಟಿನಲ್ಲೇ ಇರುತ್ತಾನೆ, ಸಮವಸ್ತ್ರವೂ ಇರುತ್ತದೆ, ಬಿಲ್ಡಿಂಗಿನೊಳಗೆ ಬರುವ ಯಾರನ್ನೂ ಕೇಳಬಾರದೆಂದು ಅವನಿಗೆ ಅಪ್ಪಣೆಯಾಗಿರುತ್ತದೆ. ಪರದೆಯ ಮೂಲೆಯಲ್ಲಿ ಮಾತ್ರ ಎಲ್ಲ ಕ್ಷೇಮವೆಂಬ ಹಸಿರು ಗುರುತು ಹಾಗೆಯೇ ಇರುತ್ತದೆ.

ಇದಕ್ಕೆ ಒಂದು ಕಾರಣವೂ ಇತ್ತು. ಕಾರಣದ ಹೆಸರು ಕನ್ನಡ.

ಸಂಘ ಪ್ರತಿ ವರ್ಷ ವಿಶೇಷ ಸಂಚಿಕೆ ತರುತ್ತದೆ. ಅಮ್ಮನಂಥವರು ಅದಕ್ಕೆ ವರ್ಷವಿಡೀ ಕಾದು ಒಂದು ಲೇಖನ ಬರೆಯುತ್ತಾರೆ. ಸಂಚಿಕೆಯ ಹೊಣೆ ಕಾಕಾದು. ಕಂಪ್ಯೂಟರಿನ ಜೊತೆಗೇ ಬರುವ ಕನ್ನಡ ಕೀಲಿಮಣೆ ಅವರಿಗೆ ಸೇರುತ್ತಿರಲಿಲ್ಲ. ಎಲ್ಲರೂ ಅವರ ಬಳಿ ಇದ್ದ ಹಳೆಯದೊಂದು ತಂತ್ರಾಂಶದಲ್ಲೇ, ಅದರ ಹಳೆಯ ಅಕ್ಷರಗಳಲ್ಲೇ ಟೈಪ್ ಮಾಡಿ ಕೊಡಬೇಕು. ಅದು ಅವರಿಗೆ ಎಲ್ಲಿಂದಲೋ ಸಿಕ್ಕಿದ, ದುಡ್ಡು ಕೊಡದೆ ಬಳಸಲೆಂದು ಯಾರೋ ಬೀಗ ಒಡೆದ ಪ್ರತಿ. ಕನ್ನಡಕದ ಡಬ್ಬಿಯೊಳಗೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಪೆನ್‌ಡ್ರೈವಿನಲ್ಲಿ ಅದನ್ನು ಮನೆಯಿಂದ ಮನೆಗೆ ತೀರ್ಥದ ಹಾಗೆ ಹಂಚುತ್ತಿದ್ದರು. ಕುರ್ಲಾ, ಸಯನ್, ಮಾಟುಂಗ, ಚೆಂಬೂರು. ಇದಕ್ಕೆ ಅವರು ಇಟ್ಟ ಹೆಸರು 'ಕನ್ನಡ ಹಾಕಿಕೊಡುವುದು'.

ಆ ಪೆನ್‌ಡ್ರೈವ್ ಚುಚ್ಚಿದ ಕೂಡಲೇ ರಕ್ಷಣೆಯ ತಂತ್ರಾಂಶ ಕೆಂಪು ಫಲಕ ಎತ್ತುತ್ತಿತ್ತು: ನೀವು ಒತ್ತುವ ಪ್ರತಿಯೊಂದು ಕೀಯನ್ನೂ ಇದು ಕದ್ದು ನೋಡುತ್ತಿದೆ.

"ನೋಡದ ಮತ್ತೇನ್ರೀ!" ಎಂದು ಸಂಘದ ಸಭೆಯೊಂದರಲ್ಲಿ ಅವರು ಮೇಜು ಗುದ್ದಿದರು. "ನೀವು ಕೆ ಒತ್ತಿದ್ರ ಅದು ಕ ಮೂಡಸಬೇಕು. ಕೀ ನೋಡದ ಹೆಂಗ ಮೂಡಸತೈತಿ? ಇಂಗ್ಲಿಷ್‌ನವರು ಮಾಡಿಟ್ಟ ಕಾವಲುಗಾರಗ ಕನ್ನಡ ಅಂದ್ರ ಕಳ್ಳತನ! ನಮ್ಮ ಭಾಷಾ ಬರ್ಯಾಕ ಇವರ ಪರ್ಮಿಷನ್ ಬೇಕೇನು?"

ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಮುಂಬಯಿಯಲ್ಲಿ ಕನ್ನಡಕ್ಕಾಗಿ ಮೇಜು ಗುದ್ದಿದವರಿಗೆ ನಾವು ಏನನ್ನಾದರೂ ಕೊಡುತ್ತೇವೆ. ಆ ಮಾತಿನಲ್ಲಿ ಅರ್ಧ ಸತ್ಯವೂ ಇತ್ತು; ಕನ್ನಡ ಮೂಡಿಸುವ ತಂತ್ರಾಂಶ ಕೀಗಳನ್ನು ನೋಡಲೇಬೇಕು. ನೋಡಿದ್ದನ್ನು ಯಾರಿಗೆ ಕಳಿಸುತ್ತದೆ ಎಂಬ ಇನ್ನರ್ಧವನ್ನು ಯಾರೂ ಕೇಳಲಿಲ್ಲ. ಎಚ್ಚರಿಕೆಯ ಫಲಕ ಕಾಣಿಸಿದರೆ ನಮ್ಮವರು ಹೆದರುತ್ತಿರಲಿಲ್ಲ, ಅವಮಾನವಾದವರಂತೆ ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದರು.

ನಮ್ಮ ಮನೆಗೂ ಕನ್ನಡ ಬಂತು. ನಾನು ಪಾಠಕ್ಕೆಂದು ಕಾಲೇಜಿಗೆ ಹೋಗಿದ್ದಾಗ ಬಂತು. ಸಂಜೆ ಬಂದು ನೋಡಿದರೆ ಅಮ್ಮ ಕೆಸುವಿನೆಲೆಯ ಪತ್ರೊಡೆಯ ಮೇಲಿನ ಲೇಖನದ ಮೊದಲ ಸಾಲು ಟೈಪ್ ಮಾಡುತ್ತ ಸಣ್ಣ ಮಕ್ಕಳ ಹಾಗೆ ಖುಷಿಯಾಗಿದ್ದಳು.

ಆ ಕಂಪ್ಯೂಟರನ್ನು ಹೆಚ್ಚು ಬಳಸುತ್ತಿದ್ದದ್ದು ನನ್ನ ತಂಗಿ. ಅವಳು ಪರೇಲಿನ ಒಂದು ಆಸ್ಪತ್ರೆಯಲ್ಲಿ ತೊದಲುವವರಿಗೆ ಮಾತು ಕಲಿಸುತ್ತಾಳೆ. ಅಷ್ಟು ದೂರ ಬರಲಾಗದವರಿಗೆ ಮನೆಯಿಂದಲೇ, ಕ್ಯಾಮೆರಾದ ಮುಂದೆ ಕೂತು ಕಲಿಸುತ್ತಾಳೆ. ಪರದೆಯ ಮೇಲೆ ಕೂರಿಸಿದ ಆ ಕ್ಯಾಮೆರಾಕ್ಕೆ ಒಂದು ಸಣ್ಣ ದೀಪವಿದೆ. ಪಾಠವಿಲ್ಲದಾಗಲೂ ಅದು ಒಮ್ಮೊಮ್ಮೆ ಉರಿಯುತ್ತಿದೆ ಎಂದು ಅವಳಿಗೆ ಅನಿಸಿತು. ಕಾಕಾಗೆ ಫೋನ್ ಮಾಡಿ ಕೇಳಿದಳು. ಫೋನ್ ಸ್ಪೀಕರಿನಲ್ಲಿತ್ತು, ನಾನೂ ಕೇಳಿಸಿಕೊಂಡೆ.

"ಅದು ಚಾರ್ಜ್ ಆಗಾಕತ್ತೈತಿ ತಂಗಿ. ಲೈಟ್ ಬಂದ್ರ ಚಲೋನ. ಬರದಿದ್ರ ಚಿಂತಿ ಮಾಡು."

ಆ ಕ್ಯಾಮೆರಾದೊಳಗೆ ಚಾರ್ಜ್ ಆಗುವಂಥದ್ದು ಏನೂ ಇಲ್ಲ. ಗೊತ್ತಿಲ್ಲ ಎನ್ನಲು ಎರಡು ಸೆಕೆಂಡು ಸಾಕಾಗಿತ್ತು. ಆ ಮನುಷ್ಯನಿಗೆ ಆ ಶಬ್ದದ ಉಚ್ಚಾರವೇ ಬರುತ್ತಿರಲಿಲ್ಲ.

ಕೆಲವು ವಾರಗಳ ನಂತರ ತಂಗಿ ಮಾತು ಕಡಿಮೆ ಮಾಡಿದಳು. ಊಟದ ತಟ್ಟೆಯನ್ನು ಒಳಗಿನ ಕೋಣೆಗೆ ಒಯ್ಯತೊಡಗಿದಳು. ಹಾಲ್‌ನಲ್ಲಿ ತಲೆ ಬಾಚುವುದನ್ನು ಬಿಟ್ಟಳು. ಆಸ್ಪತ್ರೆಯಲ್ಲಿ ಏನೋ ಆಗಿರಬೇಕು ಎಂದುಕೊಂಡೆವು. ಒಂದು ಭಾನುವಾರ ಮಧ್ಯಾಹ್ನ ಅವಳು ನನ್ನನ್ನು ಕರೆದು ಫೋನಿನಲ್ಲಿ ಬಂದ ಮೇಲ್‌ಗಳನ್ನು ತೋರಿಸಿದಳು. ಗುರುತಿಲ್ಲದ ವಿಳಾಸ. ಮೊದಲನೆಯದರಲ್ಲಿ ಅವಳದೇ ಚಿತ್ರ: ನಮ್ಮದೇ ಹಾಲ್, ಒದ್ದೆ ಕೂದಲು, ಹೆಗಲ ಮೇಲೆ ಟವೆಲ್. ಆಮೇಲಿನ ಮೇಲ್‌ಗಳಲ್ಲಿ ಒಂದೇ ಬೇಡಿಕೆ. ಮನೆಯಲ್ಲಿ ಯಾರೂ ಇಲ್ಲದಾಗ ಕ್ಯಾಮೆರಾದ ಮುಂದೆ ಬಂದು ಕೂತುಕೋ, ನಾನು ಹೇಳಿದ ಹಾಗೆ ಮಾಡು. ಇಲ್ಲದಿದ್ದರೆ ಚಿತ್ರಗಳು ಆಸ್ಪತ್ರೆಗೆ ಹೋಗುತ್ತವೆ.

"ಅಮ್ಮನಿಗೆ ಹೇಳ್ಬೇಡ ಅಕ್ಕ," ಎಂದಳು. "ಪ್ಲೀಸ್."

ಈಗಲೇ ಪೊಲೀಸರಿಗೆ ಬರೆಯೋಣ ಎಂದೆ. ಇಬ್ಬರೂ ಬುದ್ಧಿ ಕಳೆದುಕೊಂಡಿದ್ದೆವು; ಬರೆಯಲು ಹೋಗಿ ಕೂತದ್ದು ಅದೇ ಕಂಪ್ಯೂಟರಿನ ಮುಂದೆ. ಅವಳು ಟೈಪ್ ಮಾಡುತ್ತಿದ್ದಳು, ನಾನು ಹಿಂದೆ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದೆ. ಮೂರನೆಯ ವಾಕ್ಯವಿರಬೇಕು. ಪರದೆಯ ನಡುವೆ ಒಂದು ಬಿಳಿಯ ಕಿಟಕಿ ತಾನಾಗಿ ತೆರೆಯಿತು. ಅದರಲ್ಲಿ ಒಂದೊಂದೇ ಅಕ್ಷರ ಮೂಡತೊಡಗಿತು, ಯಾರೋ ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಟೈಪ್ ಮಾಡುವ ಹಾಗೆ. ತಂಗಿಯ ಕೈಗಳು ಕೀಲಿಮಣೆಯಿಂದ ಮೇಲೆದ್ದು ಗಾಳಿಯಲ್ಲಿದ್ದವು.

'ಪೊಲೀಸ್ ಕೋ ಕ್ಯಾ ಬತಾಯೇಗೀ?'

ಪೊಲೀಸರಿಗೆ ಏನೆಂದು ಹೇಳುತ್ತೀ. ಅಕ್ಷರಗಳು ನಿಂತವು. ಮತ್ತೆ ಶುರುವಾದವು.

'ಪೀಛೇ ಕೌನ್ ಖಡೀ ಹೈ? ಹರೇ ಕುರ್ತೇ ವಾಲೀ?'

ಹಿಂದೆ ನಿಂತಿರುವವಳು ಯಾರು, ಹಸಿರು ಕುರ್ತಾದವಳು. ನಾನು ನನ್ನ ಕುರ್ತಾ ನೋಡಿಕೊಂಡೆ. ಬಣ್ಣ ಯಾವುದೆಂದು ನನಗೆ ಗೊತ್ತಿತ್ತು, ಆದರೂ ನೋಡಿಕೊಂಡೆ. ಆಮೇಲೆ ಗೋಡೆಯ ಪ್ಲಗ್ ಹಿಡಿದು ಎಳೆದೆ. ಕ್ಯಾಮೆರಾ ಕೆಳಗೆ ಬಿತ್ತು, ಕುರ್ಚಿ ಉರುಳಿತು.

"ಎಂತ ಬಿದ್ದದ್ದು ಅದು?" ಎಂದು ಅಮ್ಮ ಒಳಗಿನಿಂದ ಕೂಗಿದಳು. "ನನ್ನ ಲೇಖನ ಸೇವ್ ಮಾಡಿದ್ದೀರಾ ಇಲ್ವಾ?"

ನನಗೆ ಈಗಲೂ ಅದೇ ಕ್ಷಣ. ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿದಾಗ ಬೆನ್ನಿನ ಮೇಲೆ ಯಾರೋ ಅಕ್ಷರ ಟೈಪ್ ಮಾಡುತ್ತಿದ್ದಾರೆ ಅನಿಸುತ್ತದೆ. ಅವನು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ಮುಖವಿಲ್ಲದವನಾದ್ದರಿಂದ ಲೋಕಲ್‌ನಲ್ಲಿ, ಕುರ್ಲಾದ ಮೇಲ್ಸೇತುವೆಯಲ್ಲಿ, ನನ್ನನ್ನು ಎರಡನೆಯ ಸಲ ನೋಡಿದ ಪ್ರತಿಯೊಬ್ಬನೂ ಅವನೇ ಆಗುತ್ತಾನೆ. ಹಸಿರು ಕುರ್ತಾ ಯಾರಿಗೋ ಕೊಟ್ಟುಬಿಟ್ಟೆ. ಅದರಿಂದ ಏನೂ ಆಗಲಿಲ್ಲ.

ಪೊಲೀಸ್ ಠಾಣೆಯ ಸೈಬರ್ ವಿಭಾಗದಲ್ಲಿದ್ದ ಹೆಂಗಸು ನಮ್ಮ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಅವರ ಜೊತೆಯವರು ಕಂಪ್ಯೂಟರನ್ನು ಬಿಚ್ಚಿ ನೋಡಿದಾಗ ಎಲ್ಲ ಹೊರಬಿತ್ತು. ಕನ್ನಡದ ಆ ಹಳೆಯ ತಂತ್ರಾಂಶದ ಹೊಟ್ಟೆಯಲ್ಲೇ ಗೂಢಚಾರನಿದ್ದ. ಕೀಗಳನ್ನು ಕಳಿಸುತ್ತಿದ್ದ, ಪರದೆಯನ್ನು ಕಳಿಸುತ್ತಿದ್ದ, ಕ್ಯಾಮೆರಾವನ್ನು ತೆರೆಯುತ್ತಿದ್ದ. ರಕ್ಷಣೆಯ ತಂತ್ರಾಂಶ ಅವನನ್ನು ಮೊದಲ ದಿನವೇ ಗುರುತಿಸಿತ್ತು. ಬಿಟ್ಟುಬಿಡು ಎಂದು ಅದಕ್ಕೆ ಕಾಕಾನ ಕೈಯಲ್ಲಿ ಅಪ್ಪಣೆ ಕೊಡಿಸಿದವರು ನಾವು.

"ಪೂರ್ಣ ಡ್ರೈವ್ ಸೋಡೂನ್ ದಿಲೀ?" ಎಂದು ಆ ಹೆಂಗಸು ಮರಾಠಿಯಲ್ಲಿ ಕೇಳಿದರು. ಇಡೀ ಡ್ರೈವನ್ನೇ ಬಿಟ್ಟುಕೊಟ್ಟಿದ್ದೀರಾ? "ಕೋಣೀ ಕೇಲಂ ಹೇ?" ಯಾರು ಮಾಡಿದ್ದು ಇದನ್ನು?

ತಂಗಿ ನನ್ನ ಕಡೆ ತಿರುಗಿದಳು. ಅವಳ ಚಿಂತೆ ಬೇರೆಡೆಗೆ ಹೋಗಿತ್ತು. "ಅಕ್ಕ, ಇದೇ ಪೆನ್‌ಡ್ರೈವ್ ಎಷ್ಟು ಮನೆಗೆ ಹೋಗಿದೆ?"

ಮರುದಿನ ನಾನೊಬ್ಬಳೇ ಮಾಟುಂಗಕ್ಕೆ ಹೋದೆ. ಕಾಕಾ ಬನಿಯನ್ ಮೇಲೆ ಶರ್ಟು ಹಾಕಿಕೊಳ್ಳುತ್ತಾ ಬಾಗಿಲು ತೆರೆದರು. ನಾನು ಹೇಳುತ್ತ ಹೋದಂತೆ ಅವರ ಮುಖದ ಬಣ್ಣ ಇಳಿಯಿತು. ಒಂದು ಕ್ಷಣ, ಈ ಮನುಷ್ಯ ಈಗ ಅಯ್ಯೋ ಎನ್ನುತ್ತಾನೆ ಎಂದುಕೊಂಡೆ. ಅವರ ಮೇಲೆ ಅಷ್ಟು ನಂಬಿಕೆಯನ್ನೂ ಇಡಬಾರದಿತ್ತು. ಮುಖದ ಬಣ್ಣ ತಿರುಗಿ ಬಂತು.

"ಸಾಧ್ಯನ ಇಲ್ಲ. ನನ್ನ ಪೆನ್‌ಡ್ರೈವ್ ಶುದ್ಧ ಐತಿ."

ಅವರ ಕಂಪ್ಯೂಟರು ಹಾಲ್‌ನಲ್ಲೇ ಇತ್ತು, ಕ್ರೋಶಾ ಹೊದಿಕೆ ಹೊದ್ದುಕೊಂಡು. ನೋಡಬಹುದೇ ಎಂದು ಕೇಳಿ, ಅವರು ಹ್ಞೂಂ ಅನ್ನುವ ಮೊದಲೇ ಕೂತೆ. ಮಶೀನ್ ಎಲ್ಲೈತಿ ಎಂದು ಕೇಳುವ ಸರದಿ ನನ್ನದಾಗಿತ್ತು. ಪೊಲೀಸರು ತೋರಿಸಿದ ದಾರಿಯಲ್ಲೇ ಸೆಟ್ಟಿಂಗ್ಸ್ ತೆರೆದೆ. ರಕ್ಷಣೆ ಪೂರ್ತಿ ಚಾಲ್ತಿಯಲ್ಲಿತ್ತು. ವಿನಾಯಿತಿಯ ಜಾಗ ಖಾಲಿ. ಒಂದೇ ಒಂದು ಫೋಲ್ಡರಿಗೂ ವಿನಾಯಿತಿ ಇರಲಿಲ್ಲ. ಕನ್ನಡದ ತಂತ್ರಾಂಶವೂ ಇರಲಿಲ್ಲ.

"ಇದರಲ್ಲಿ ಯಾಕೆ ಹಾಕಿಲ್ಲ ಕಾಕಾ?"

"ನನ್ನ ಲೇಖನ ನಾ ಕೈಲೇ ಬರೀತೀನಿ. ಪ್ರೆಸ್‌ನವರು ಟೈಪ್ ಮಾಡ್ಕೋತಾರ."

"ಈ ಕೂತು ತಿನ್ನುವ ಅಳಿಯನನ್ನು ಯಾಕೆ ಇಟ್ಟುಕೊಂಡಿದ್ದೀರಿ?"

ಅವರು ನನ್ನನ್ನು ಮಂದಬುದ್ಧಿಯವಳನ್ನು ನೋಡುವ ಹಾಗೆ ನೋಡಿದರು. "ನಂದ್ರಾಗ ಬ್ಯಾಂಕಿನ ಕೆಲಸ ಇರತೈತಿ, ಪೆನ್ಷನ್‌ದು ಇರತೈತಿ. ಮತ್ತ ನನ್ನ ಮಶೀನ್ ದೊಡ್ಡದು ರೀ, ಮೆಮೊರಿ ಬೇಕಾದಷ್ಟೈತಿ, ತಡಕೋತೈತಿ. ನಿಮ್ಮದು ಸಣ್ಣ ಮಶೀನು. ಸಣ್ಣ ಮನ್ಯಾಗ ವಾಚ್‌ಮನ್ ಇಟ್ಟುಕೊಂಡ್ರ ಮನೀ ಮಂದಿ ಎಲ್ಲಿ ಮಲಗಬೇಕು?"

ಅವರ ಬಗ್ಗೆ ನನಗಿದ್ದ ಎಲ್ಲ ಅನುಮಾನಗಳೂ ಆಗ ತೀರಿದವು. ಅಜ್ಞಾನವೆಂದು ತಿಳಿದಿದ್ದೆ. ಅಜ್ಞಾನವಾಗಿದ್ದರೆ ಅವರ ಮನೆಯ ಕಂಪ್ಯೂಟರೂ ಬಾಗಿಲು ತೆರೆದುಕೊಂಡು ಕೂತಿರುತ್ತಿತ್ತು. ಬೇರೆಯವರ ಮನೆಯಲ್ಲಿ ಹೊಗಳಿಕೆ ಗಿಟ್ಟಿಸಲು ಏನು ಮಾಡುತ್ತಿದ್ದರೋ ಅದನ್ನು ತಮ್ಮ ಮನೆಯಲ್ಲಿ ಮಾಡದಷ್ಟು ತಿಳಿವಳಿಕೆ ಅವರಿಗಿತ್ತು.

ಸಿಟ್ಟು ನುಂಗಿಕೊಂಡು ನಾನು ಕೇಳಿದ್ದು ಇಷ್ಟೇ. ಕನ್ನಡ ಹಾಕಿಕೊಟ್ಟ ಮನೆಗಳಿಗೆಲ್ಲ ನೀವೇ ಫೋನ್ ಮಾಡಿ, ಅದನ್ನು ತೆಗೆಸಿ ಎಂದು ಹೇಳಿ. ನಮ್ಮ ಹೆಸರು ಬೇಡ. ನಿಮ್ಮ ತಪ್ಪು ಎನ್ನುವುದೂ ಬೇಡ. ಹೊಸದು ಬಂದಿದೆ, ಹಳೆಯದು ತೆಗೆಯಿರಿ ಎಂದರೂ ಸಾಕು.

"ಸಂಘದ ಮರ್ಯಾದಿ ಪ್ರಶ್ನೆ ಇದು ಬಾಯಾರ. ಹತ್ತು ವರ್ಷದಿಂದ ಹಾಕಿಕೊಟ್ಟೀನಿ. ಯಾರ ಮನ್ಯಾಗೂ ಏನೂ ಆಗಿಲ್ಲ. ನಿಮ್ಮ ಮನ್ಯಾಗ ಅಷ್ಟ ಯಾಕ ಆತು?" ದನಿ ತಗ್ಗಿಸಿ, ಕಾಳಜಿಯಿಂದ ಎನ್ನುವ ಹಾಗೆ ಮುಂದೆ ಬಾಗಿದರು. "ಸಿಟ್ಟಾಗಬ್ಯಾಡ್ರಿ. ನಿಮ್ಮ ತಂಗಿ ಲಗ್ನ ಆಗದ ಹುಡುಗಿ. ಬಾಗಲಾ ಹಾಕ್ಕೊಂಡು ಯಾರ್ಯಾರ ಜೋಡಿ ಮಾತಾಡ್ತಾಳೋ, ಏನೇನ್ ಕಳಸ್ತಾಳೋ, ನಿಮಗೇನ್ ಗೊತ್ತು?"

ನಾನು ಎದ್ದು ಬಂದೆ. ಮೆಟ್ಟಿಲಿಳಿದು, ಸ್ಟೇಷನ್ನಿಗೆ ಹೋಗಿ, ಬಂದ ಎರಡು ಲೋಕಲ್‌ಗಳನ್ನು ಹತ್ತದೆ ನಿಂತಿದ್ದೆ. ಅವನು ಪರದೆಯ ಮೇಲೆ ಬರೆದದ್ದಕ್ಕೂ ಇವರು ಬಾಯಲ್ಲಿ ಹೇಳಿದ್ದಕ್ಕೂ ಎಷ್ಟು ಅಂತರವೆಂದು ಅಳೆಯಲು ನೋಡಿದೆ. ಹೆಚ್ಚು ಸಿಗಲಿಲ್ಲ.

ಆ ಮಾತನ್ನು ಅವರು ನನಗೊಬ್ಬಳಿಗೇ ಹೇಳಿ ನಿಲ್ಲಿಸಲಿಲ್ಲ. ಸಂಘದಲ್ಲಿ ಹೆಂಗಸರು ತಂಗಿಯ ಯೋಗಕ್ಷೇಮವನ್ನು ಅಗತ್ಯಕ್ಕಿಂತ ಮೃದುವಾಗಿ ವಿಚಾರಿಸತೊಡಗಿದರು. ಅವಳು ಸಂಘಕ್ಕೆ ಹೋಗುವುದನ್ನು ಬಿಟ್ಟಳು. ಗೊತ್ತಿದ್ದ ಕೆಲವು ಮನೆಗಳಿಗೆ ನಾನು ಫೋನ್ ಮಾಡಿದೆ. ಕಾರಣ ಹೇಳುವಂತಿರಲಿಲ್ಲ, ಕಾಕಾಗೆ ಬಿಟ್ಟು ಇನ್ಯಾರಿಗೂ ಹೇಳುವುದಿಲ್ಲವೆಂದು ತಂಗಿಗೆ ಮಾತು ಕೊಟ್ಟಿದ್ದೆ. ಕಾರಣವಿಲ್ಲದ ಮಾತಿಗೆ ಬೆಲೆಯೂ ಇರಲಿಲ್ಲ. "ಕಾಕಾ ಹಾಕಿದ್ದಲ್ವಾ, ಇರ್ಲಿ ಬಿಡಿ," ಎಂದರು ಒಬ್ಬರು. "ತೆಗೆದ್ರೆ ಸ್ಲೋ ಆಗ್ತದಂತೆ." ಅಮ್ಮನಿಗೆ ಕೊನೆಗೆ ಎಲ್ಲ ತಿಳಿಯಿತು. ಆ ವರ್ಷ ಅವಳು ಲೇಖನ ಕಳಿಸಲಿಲ್ಲ. ಪರದೆಯಿದ್ದ ಜಾಗದಿಂದ ಸಾಕಷ್ಟು ದೂರದಲ್ಲಿ, ಹಾಲ್‌ನ ಇನ್ನೊಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಕಂಪ್ಯೂಟರು ಇನ್ನೂ ಪೊಲೀಸರ ಬಳಿಯೇ ಇತ್ತು. ಖಾಲಿ ಮೇಜಿಗೇ ಹೆದರುತ್ತಿದ್ದಳು.

ಅಷ್ಟರಲ್ಲಿ ಕಾಕಾ ತೀರಿಕೊಂಡರು. ಪಾರ್ಶ್ವವಾಯುವಾಗಿ ಆಸ್ಪತ್ರೆ ಸೇರಿದವರು ತಿರುಗಿ ಬರಲಿಲ್ಲ. ಮಾಟುಂಗದ ಸಂಘದ ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ಎಂದು ಸುದ್ದಿ ಬಂತು. ನಾನು ಹೋಗುವುದಿಲ್ಲ ಎಂದೆ.

"ಸತ್ತವರ ಮೇಲೆ ಎಂತ ಸಿಟ್ಟು ಮಾರಾಯ್ತಿ," ಎಂದಳು ಅಮ್ಮ.

"ನಾನು ಹೋಗ್ತೇನೆ," ಎಂದಳು ತಂಗಿ. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿ ಬಹಳ ಕಾಲವಾಗಿತ್ತು. ಮೂವರೂ ಹೋದೆವು.

ಸಭೆಯಲ್ಲಿ ಆ ಮನುಷ್ಯ ಗಂಟೆ ಗಂಟೆಗೂ ದೊಡ್ಡವರಾಗುತ್ತ ಹೋದರು. ಒಬ್ಬರು ಕನ್ನಡದ ಕಟ್ಟಾಳು ಎಂದರು. ಒಬ್ಬರು ಅಜಾತಶತ್ರು ಎಂದರು. ಇನ್ನೊಬ್ಬರು, ಕಾಕಾ ಮುಟ್ಟಿದ ಕಂಪ್ಯೂಟರು ಇಂದಿಗೂ ಬಾಣದ ಹಾಗೆ ಓಡುತ್ತದೆ ಎಂದು ಕಣ್ಣೊರೆಸಿಕೊಂಡರು. ನಾನು ಪಕ್ಕದ ಗೋಡೆಯ ಮೇಲಿನ ಗಡಿಯಾರ ನೋಡುತ್ತ ಕೂತೆ. ಇನ್ಯಾರಾದರೂ ಎರಡು ಮಾತಾಡುವವರಿದ್ದರೆ ಬರಬಹುದು ಎಂದು ಅಧ್ಯಕ್ಷರು ಹೇಳಿದಾಗ ತಂಗಿ ಎದ್ದಳು. ನಾನು ಅವಳ ದುಪಟ್ಟಾ ಹಿಡಿದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಮೈಕನ್ನು ತನ್ನ ಎತ್ತರಕ್ಕೆ ತಗ್ಗಿಸಿಕೊಂಡು ಅವಳು ಹೇಳಿದಳು: "ಕಾಕಾ ಯಾರ ಯಾರ ಮನೆಗೆ ಬಂದು ಕನ್ನಡ ಹಾಕಿಕೊಟ್ಟಿದ್ದಾರೆ, ದಯವಿಟ್ಟು ಕೈ ಎತ್ತಿ."

ಅಗಲಿದವರಿಗೆ ಸಲ್ಲಿಸುವ ಗೌರವದ ಹೊಸ ಕ್ರಮವೆಂದು ತಿಳಿದಿರಬೇಕು. ಮೊದಲು ಮುಂದಿನ ಸಾಲಿನವರು ಎತ್ತಿದರು. ಆಮೇಲೆ ಹಿಂದಿನವರು. ಅಭಿಮಾನದಿಂದ, ಪ್ರೀತಿಯಿಂದ, ಕೆಲವರು ಕಣ್ಣಲ್ಲಿ ನೀರು ತುಂಬಿಕೊಂಡು ಎತ್ತಿದರು. ನನ್ನ ಪಕ್ಕದಲ್ಲಿ ಅಮ್ಮನ ಕೈಯೂ ಮೇಲೆದ್ದಿತು. ನೋಡುತ್ತಿದ್ದಂತೆ ಸಭಾಂಗಣದಲ್ಲಿ ತಲೆಗಳಿಗಿಂತ ಕೈಗಳೇ ಹೆಚ್ಚಾಗಿ ಕಂಡವು.

"ಹಾಗೆಯೇ ಇರಲಿ, ಇಳಿಸಬೇಡಿ," ಎಂದಳು ತಂಗಿ. ತೊದಲುವವರಿಗೆ ಹೇಳಿಕೊಡುವ ಹಾಗೆ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು. "ನಮ್ಮ ಮನೆಯಲ್ಲಿ ಕಾಕಾ ಹಾಕಿದ ಕನ್ನಡದೊಳಗೆ ಬೇರೆ ಯಾರೋ ಇದ್ದರು. ನಾನು ಏನು ಟೈಪ್ ಮಾಡಿದರೂ ಅವರಿಗೆ ಕಾಣುತ್ತಿತ್ತು. ಕ್ಯಾಮೆರಾದಿಂದ ನನ್ನನ್ನು ನೋಡುತ್ತಿದ್ದರು. ಸ್ನಾನ ಮಾಡಿ ಬಂದಾಗ ತೆಗೆದ ನನ್ನ ಫೋಟೋ ನನಗೇ ಕಳಿಸಿದರು. ನಾನು ಯಾರ ಜೊತೆಗೂ ಏನೂ ಮಾಡಿರಲಿಲ್ಲ. ಅಮ್ಮನಿಗೆ ಪತ್ರೊಡೆಯ ಬಗ್ಗೆ ಬರೆಯಬೇಕಿತ್ತು, ಅಷ್ಟೇ. ಮನೆಗೆ ಹೋದವರು ಮೊದಲು ನೆಟ್‌ನ ವೈರ್ ತೆಗೆಯಿರಿ. ಆ ಕಂಪ್ಯೂಟರಿನಲ್ಲಿ ಏನನ್ನೂ ಬರೆಯಬೇಡಿ. ಒಬ್ಬರೇ ಮಾಡಲು ಹೆದರಿಕೆಯಾದರೆ ನನ್ನನ್ನು ಕರೆಯಿರಿ, ನಾನು ಬರುತ್ತೇನೆ."

ಅಧ್ಯಕ್ಷರು ಎದ್ದು ನಿಂತು ಮೈಕಿನ ಕಡೆ ಕೈ ಚಾಚಿದರು. ಚಾಚಿದ ಕೈ ಅಲ್ಲೇ ನಿಂತಿತು. ಕೈ ಇಳಿಸಬೇಕೆಂದು ಯಾರಿಗೂ ತೋಚಲಿಲ್ಲ. ಮುಂದಿನ ಸಾಲಿನಲ್ಲಿ, ಕಾಕಾನ ಫೋಟೋದ ಎದುರಿಗೇ ಕೂತಿದ್ದ ಹೆಂಗಸೊಬ್ಬಳು ಬಲಗೈಯನ್ನು ಮೇಲೆಯೇ ಇಟ್ಟುಕೊಂಡು, ಎಡಗೈಯಿಂದ ಸೆರಗನ್ನು ನಿಧಾನವಾಗಿ ಕುತ್ತಿಗೆಯ ತನಕ ಎಳೆದುಕೊಂಡಳು.